ಆಡಿದ್ದು ಎಷ್ಟು, ಆಡಿದ್ದು ಹೇಗೆ?

ಕಳೆದ ಸಂಚಿಕೆಯಲ್ಲಿ ಒಬ್ಬ ಓದುಗರು, ನಾನು ನೋಡಿದ ಬ್ಯಾಸ್ಕೆಟ್‌ಬಾಲ್ ಸೆಂಟರ್ ಆಟಗಾರರಲ್ಲಿ (ಬಾಸ್ಕೆಟ್ ಹತ್ತಿರ ಆಡುವ ಎತ್ತರದವರು) ಎಲ್ಲರಿಗಿಂತ ಚೆನ್ನಾಗಿ ಸ್ಕೋರ್ ಮಾಡುವವರು ಯಾರು ಎಂದು ಕೇಳಿದ್ದರು. ಅಮೆರಿಕದ ಎನ್‌ಬಿಎ ಲೀಗ್‌ನ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡದ ಜೋಯೆಲ್ ಎಂಬೀಡ್ ಎಂದು ಎರಡೇ ಸಾಲಿನಲ್ಲಿ ಬರೆದಿದ್ದೆ. ಆ ಎರಡು ಸಾಲಿಗೆ ಬಂದಷ್ಟು ಪತ್ರ ಈ ಅಂಕಣಕ್ಕೆ ಬೇರೆ ಯಾವ ಉತ್ತರಕ್ಕೂ ಬಂದಿಲ್ಲ. ಕೆಲವರಿಗೆ ಖುಷಿ, ಜಾಸ್ತಿ ಜನಕ್ಕೆ ಸಿಟ್ಟು. ಅದಕ್ಕೇ ಈ ಸಲದ ಜಾಗವನ್ನೆಲ್ಲ ಅವರಿಗೇ ಕೊಟ್ಟಿದ್ದೇನೆ. ಕ್ರಿಕೆಟ್, ಕಬಡ್ಡಿ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ಮೇಡಂ, ಆಡದೇ ಮನೆಯಲ್ಲಿ ಕೂತವನನ್ನು ದೊಡ್ಡ ಆಟಗಾರ ಅನ್ನುವುದು ಹೇಗೆ? 2014ರಲ್ಲಿ ತಂಡಕ್ಕೆ ಆಯ್ಕೆಯಾದ. ಮೊದಲ ಎರಡು ಸೀಸನ್ ಒಂದೇ ಒಂದು ಆಟ ಆಡಲಿಲ್ಲ. ಮೂರನೇ ಸೀಸನ್‌ನಲ್ಲಿ 31 ಆಟ. 2024–25ರಲ್ಲಿ ಬರೀ 19. ಇಂಥವನಿಗೆ ಎಂವಿಪಿ (ಸೀಸನ್‌ನ ಅತಿ ಮೌಲ್ಯದ ಆಟಗಾರ) ಪ್ರಶಸ್ತಿ ಕೊಟ್ಟಿದ್ದೇ ತಪ್ಪು.
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ನಿಮ್ಮ ಲೆಕ್ಕ ಎಲ್ಲ ಸರಿ ಇದೆ. ಒಂದೂ ತಪ್ಪಿಲ್ಲ. ಆದರೆ ಎಂವಿಪಿ ಕೊಡುವುದು ಜೀವಮಾನದ ಹಾಜರಿಗೆ ಅಲ್ಲ, ಒಂದು ಸೀಸನ್‌ನ ಆಟಕ್ಕೆ. ಅವರಿಗೆ ಪ್ರಶಸ್ತಿ ಬಂದದ್ದು 2022–23ರ ಆಟಕ್ಕೆ. ಆ ಸಲ ಅವರು ಸೀಸನ್‌ನ 82ರಲ್ಲಿ 66 ಆಟ ಆಡಿದರು. ಆಟಕ್ಕೆ ಸರಾಸರಿ 33.1 ಪಾಯಿಂಟ್. ಅವರ ಎದುರಾಳಿ ಎಂದು ಎಲ್ಲರೂ ಹೇಳುವ ಡೆನ್ವರ್‌ನ ನಿಕೋಲ ಯೋಕಿಚ್ ಆಡಿದ್ದು 69. ವ್ಯತ್ಯಾಸ ಮೂರೇ ಆಟ. ಮತ ಹಾಕಿದ 100 ಪತ್ರಕರ್ತರಲ್ಲಿ 73 ಮಂದಿ ಎಂಬೀಡ್‌ಗೆ ಮೊದಲ ಸ್ಥಾನ ಕೊಟ್ಟರು. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಆಮೇಲೆ ಸೀಸನ್ ಮುಗಿದ ಮೇಲಿನ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ ಬಾಸ್ಟನ್ ಎದುರಿನ ಸರಣಿಯ ಕೊನೆಯ, ಏಳನೇ ಆಟದಲ್ಲಿ ಎಂಬೀಡ್ 15 ಪಾಯಿಂಟ್‌ಗೆ ನಿಂತರು, ಅದೇ ವರ್ಷ ಯೋಕಿಚ್ ಚಾಂಪಿಯನ್ ಆದರು ಎಂದು ಇನ್ನೂ ನಾಲ್ಕು ಜನ ಬರೆದಿದ್ದೀರಿ. ಒಪ್ಪುತ್ತೇನೆ, ಆ ಏಳನೇ ಆಟ ನೋಡಿ ನನಗೂ ತುಂಬಾ ಬೇಜಾರಾಯಿತು. ಆದರೆ ಮತದಾನ ಪ್ಲೇಆಫ್‌ಗೆ ಮುಂಚೆಯೇ ಮುಗಿದಿರುತ್ತದೆ. ಪರೀಕ್ಷೆಯ ಮಾರ್ಕ್ಸ್ ಕೊಟ್ಟಾದ ಮೇಲೆ ಇಂಟರ್‌ವ್ಯೂ ಚೆನ್ನಾಗಿ ಮಾಡಲಿಲ್ಲ ಎಂದು ಮಾರ್ಕ್ಸ್ ಕಿತ್ತುಕೊಳ್ಳಕ್ಕೆ ಆಗಲ್ಲ ಅಲ್ವಾ?

ಇನ್ನು ಆ "ಮನೆಯಲ್ಲಿ ಕೂತವನು" ಎಂಬ ಮಾತು. ಅದು ನನಗೆ ಚುಚ್ಚಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಎಂಬೀಡ್ ಕ್ಯಾಮರೂನ್ ದೇಶದ ಯೌಂಡೆಯವರು. ಚಿಕ್ಕವರಾಗಿದ್ದಾಗ ಆಡುತ್ತಿದ್ದದ್ದು ವಾಲಿಬಾಲ್. ಬ್ಯಾಸ್ಕೆಟ್‌ಬಾಲ್ ಕೈಗೆ ಬಂದಾಗ ಹದಿನೈದು ದಾಟಿತ್ತು. ಅಂದರೆ ಬೇರೆ ಮಕ್ಕಳು ಏಳೆಂಟು ವರ್ಷದಿಂದ ಕಲಿತಿದ್ದನ್ನು ಅವರು ಮೂರು ವರ್ಷದಲ್ಲಿ ಕಲಿತು ಅಮೆರಿಕದ ಕಾಲೇಜು ತಂಡ ಸೇರಿದರು. ಏಳು ಅಡಿ ಎತ್ತರ, 125 ಕಿಲೋ ಮೀರಿದ ತೂಕ. ಕನ್ಸಾಸ್ ಯೂನಿವರ್ಸಿಟಿಯಲ್ಲಿ ಆಡಿದ ಒಂದೇ ಒಂದು ಸೀಸನ್‌ನ ಕೊನೆಗೆ ಬೆನ್ನುಮೂಳೆಯಲ್ಲಿ ಬಿರುಕು. 2014ರ ಜೂನ್‌ನಲ್ಲಿ, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ಗೆ ಇನ್ನೇನು ಕೆಲವೇ ದಿನ ಇದೆ ಅನ್ನುವಾಗ ಬಲಪಾದದಲ್ಲಿ ಬಿರುಕು.

ಆ ಬಿರುಕು ಬಿಟ್ಟದ್ದು ನ್ಯಾವಿಕ್ಯುಲರ್ ಎಂಬ ಎಲುಬು. ಪಾದದ ಕಮಾನಿನ ಮೇಲ್ತುದಿಯಲ್ಲಿ ದೋಣಿಯಂತೆ ಕೂತಿರುತ್ತದೆ. ಜಿಗಿದು ಇಳಿದಾಗ ಮೈಭಾರದ ದೊಡ್ಡ ಪಾಲು ಅದನ್ನು ಹಾದೇ ನೆಲಕ್ಕೆ ಹೋಗಬೇಕು. ಅದರ ನಡುಭಾಗಕ್ಕೆ ರಕ್ತ ಸಿಗುವುದು ಕಡಿಮೆ. ಹಾಗಾಗಿ ಒಮ್ಮೆ ಬಿರುಕು ಬಿಟ್ಟರೆ ಕೂಡಿಕೊಳ್ಳುವುದು ಬಹಳ ನಿಧಾನ. ಎಂಬೀಡ್ ಪಾದಕ್ಕೆ 2014ರಲ್ಲಿ ಒಂದು ಆಪರೇಷನ್ ಆಯಿತು. ಅದು ಸಾಲದೆ 2015ರಲ್ಲಿ ಇನ್ನೊಂದು. ಚೀನಾದ ಯಾವೋ ಮಿಂಗ್ ನೆನಪಿದ್ದಾರಾ? ಎಡಗಾಲಿನ ಬಿರುಕುಗಳು ಮತ್ತೆ ಮತ್ತೆ ಕಾಡಿ 2011ರಲ್ಲಿ ಅವರು ಆಟವನ್ನೇ ಬಿಟ್ಟರು. ತುಂಬಾ ಎತ್ತರದವರ ಪಾದಕ್ಕೆ ಇದು ಅಂಟಿಕೊಂಡೇ ಬಂದ ಕಷ್ಟ.

ಆ ಎರಡು ವರ್ಷದಲ್ಲಿ ಇನ್ನೊಂದು ದುಃಖವೂ ಇತ್ತು. 2014ರ ಅಕ್ಟೋಬರ್‌ನಲ್ಲಿ ಅವರ 13 ವರ್ಷದ ತಮ್ಮ ಆರ್ಥರ್ ಕ್ಯಾಮರೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತು ವರ್ಷದ ಹುಡುಗ. ಹೊಸ ದೇಶ. ಕಾಲು ಬ್ಯಾಂಡೇಜಿನಲ್ಲಿ. ತಮ್ಮ ಇಲ್ಲ. ಅವರು "ಕೂತದ್ದು" ಹೀಗೆ. ಅವರ ಆಟದ ಲೆಕ್ಕ ಎಷ್ಟು ಬೇಕಾದರೂ ಹಾಕಿ, ನಾನು ಜೊತೆಗಿರುತ್ತೇನೆ. ಸೋಮಾರಿ ಅನ್ನಬೇಡಿ.

ಪ್ರಶ್ನೆ: 2017ರಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಮಾಲ್ಕಮ್ ಬ್ರಾಗ್ಡನ್‌ಗೆ ಹೋಯಿತು. ಸರಾಸರಿ 10 ಪಾಯಿಂಟ್ ಹೊಡೆದವನಿಗೆ ಕೊಟ್ಟು 20 ಹೊಡೆದವನನ್ನು ಬಿಟ್ಟರು. ಇದು ನ್ಯಾಯವಾ?
– ಎಂಬೀಡ್ ಅಭಿಮಾನಿ, ದಾವಣಗೆರೆ

ಉತ್ತರ: ನ್ಯಾಯ. ನಿಮಗೆ ಬೇಜಾರಾದರೂ ಹೇಳಲೇಬೇಕು. ಮಿಲ್ವಾಕಿ ತಂಡದ ಬ್ರಾಗ್ಡನ್ ಆ ಸೀಸನ್ 75 ಆಟ ಆಡಿದರು. ಎಂಬೀಡ್ 31. ಅದೂ ಆಟಕ್ಕೆ ಇಪ್ಪತ್ತೈದು ನಿಮಿಷದ ಆಸುಪಾಸು, ಡಾಕ್ಟರ್ ಹೇಳಿದ ಮಿತಿಯಲ್ಲಿ. ಆ 31 ಆಟದಲ್ಲಿ ಅವರಷ್ಟು ಚೆನ್ನಾಗಿ ಆಡಿದ ಹೊಸಬರು ಇನ್ನೊಬ್ಬರಿರಲಿಲ್ಲ, ಅದು ನಿಜ. ಆದರೆ ಉಳಿದ 51 ಆಟದಲ್ಲಿ ಅವರ ತಂಡ ಯಾರನ್ನು ಕಟ್ಟಿಕೊಂಡು ಆಡಬೇಕಿತ್ತು? ಅರ್ಧಕ್ಕಿಂತ ಕಡಿಮೆ ಆಟಕ್ಕೆ ಇಡೀ ಸೀಸನ್‌ನ ಪ್ರಶಸ್ತಿ ಕೊಡುವುದು ನನಗೆ ಒಪ್ಪಿಗೆ ಇಲ್ಲ. ಬ್ರಾಗ್ಡನ್ ಡ್ರಾಫ್ಟ್‌ನಲ್ಲಿ 36ನೆಯವರಾಗಿ, ಎರಡನೇ ಸುತ್ತಿನಲ್ಲಿ ಬಂದ ಹುಡುಗ. ದಿನಾ ಬಂದು ದುಡಿದರು. ಅವರ ಬಹುಮಾನವನ್ನು ಯಾರೂ ಚಿಕ್ಕದು ಮಾಡಬಾರದು.

2021ರ ಎಂವಿಪಿಯೂ ನನ್ನ ಲೆಕ್ಕದಲ್ಲಿ ಹೀಗೇ. ಕೊರೊನಾ ಕಾರಣ ಆ ಸಲ ಸೀಸನ್ 72 ಆಟಕ್ಕೆ ಇಳಿದಿತ್ತು. ಯೋಕಿಚ್ ಎಪ್ಪತ್ತೆರಡಕ್ಕೆ ಎಪ್ಪತ್ತೆರಡೂ ಆಡಿದರು. ಎಂಬೀಡ್ 51. ಪ್ರಶಸ್ತಿ ಯೋಕಿಚ್‌ಗೆ ಹೋಗಲೇಬೇಕಿತ್ತು, ಹೋಯಿತು. ಮರುವರ್ಷ ಎಂಬೀಡ್ 68 ಆಟ ಆಡಿ, ಸರಾಸರಿ 30.6 ಪಾಯಿಂಟ್‌ನಿಂದ ಇಡೀ ಲೀಗ್‌ನಲ್ಲಿ ಮೊದಲಿಗರಾದರು. 2000ದಲ್ಲಿ ಶಕೀಲ್ ಓನೀಲ್ ಆದ ಮೇಲೆ ಒಬ್ಬ ಸೆಂಟರ್ ಆ ಜಾಗಕ್ಕೆ ಬಂದದ್ದು ಅದೇ ಮೊದಲು. ಆಗಲೂ ಯೋಕಿಚ್‌ಗೇ ಎಂವಿಪಿ. ಅಲ್ಲಿ ನನ್ನ ಮತ ಇದ್ದಿದ್ದರೆ ಎಂಬೀಡ್‌ಗೆ ಹಾಕುತ್ತಿದ್ದೆ. ಜಗಳಕ್ಕೆ ಬರುವವರು ಬನ್ನಿ.

ಪ್ರಶ್ನೆ: "ಮೋಸ್ಟ್ ವ್ಯಾಲ್ಯುಯಬಲ್" ಅಂತಾರಲ್ಲ, ಈ ವ್ಯಾಲ್ಯೂ ಅಂದರೆ ಏನು ಮೇಡಂ? ಪಾಯಿಂಟ್ ಲೆಕ್ಕವಾ, ಗೆಲುವಿನ ಲೆಕ್ಕವಾ?
– ಬಿ.ಎ. ವಿದ್ಯಾರ್ಥಿ, ಮಂಡ್ಯ

ಉತ್ತರ: ನಾನು ಪಾಠ ಮಾಡುವಾಗ ಒಂದೇ ಆಟದ ಉದಾಹರಣೆ ಕೊಡುತ್ತೇನೆ. 2019ರ ಮೇ ತಿಂಗಳು, ಟೊರಾಂಟೊ ಎದುರು ಫಿಲಡೆಲ್ಫಿಯಾ, ಏಳನೇ ಆಟ. ಕೊನೆಯ ಕ್ಷಣದಲ್ಲಿ ಕವಾಯ್ ಲೆನಾರ್ಡ್ ಮೂಲೆಯಿಂದ ಎಸೆದ ಚೆಂಡು ರಿಂಗ್ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತಲ್ಲ, ಅದೇ ಆಟ. ಟೊರಾಂಟೊ 92–90ರಿಂದ ಗೆದ್ದಿತು. ಎಂಬೀಡ್ ಅಳುತ್ತಾ ಹೋದರು.

ಎಲ್ಲರಿಗೂ ಆ ನಾಲ್ಕು ಪುಟಿತ ನೆನಪು. ನನಗೆ ನೆನಪಿರುವುದು ಬೇರೆ. ಎಂಬೀಡ್ ಆ ದಿನ 48 ನಿಮಿಷದಲ್ಲಿ 45 ನಿಮಿಷ ಕೋರ್ಟ್‌ನಲ್ಲಿದ್ದರು. ಆ 45 ನಿಮಿಷದಲ್ಲಿ ಅವರ ತಂಡ ಎದುರಾಳಿಗಿಂತ 10 ಪಾಯಿಂಟ್ ಮುಂದಿತ್ತು. ಅವರು ಬೆಂಚಿನಲ್ಲಿ ಕೂತು ಉಸಿರು ತಗೊಂಡ ಮೂರು ನಿಮಿಷದಲ್ಲಿ 12 ಪಾಯಿಂಟ್ ಹಿಂದೆ ಬಿತ್ತು. ಹತ್ತರಲ್ಲಿ ಹನ್ನೆರಡು ಕಳೆಯಿರಿ. ಎರಡು ಪಾಯಿಂಟ್ ಸೋಲು ಎಲ್ಲಿಂದ ಬಂತು ಗೊತ್ತಾಯಿತಲ್ಲ?

ಆ ದಿನ ಅವರೇನೂ ರಾಶಿ ರಾಶಿ ಸ್ಕೋರ್ ಮಾಡಿರಲಿಲ್ಲ. ಆದರೆ ಬಾಸ್ಕೆಟ್ ಕೆಳಗೆ ಅಷ್ಟು ದೊಡ್ಡ ದೇಹ ನಿಂತಿದ್ದರೆ ಎದುರಾಳಿ ಒಳಗೆ ನುಗ್ಗಿ ಲೇ-ಅಪ್ ಹಾಕಲು ಹಿಂದೆ ಮುಂದೆ ನೋಡುತ್ತಾನೆ. ಹೊರಗಿನಿಂದಲೇ ಎಸೆಯುತ್ತಾನೆ. ಆ ಹಿಂಜರಿತ ಯಾವ ಪಟ್ಟಿಯಲ್ಲೂ ಪೂರ್ತಿ ಬರುವುದಿಲ್ಲ. ಪಾಯಿಂಟ್, ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು), ಗೆಲುವು ಎಲ್ಲ ನೋಡಿ. ಜೊತೆಗೆ ಅವರು ಎದ್ದು ಹೋದಾಗ ತಂಡ ಏನಾಗುತ್ತದೆ ಅನ್ನುವುದನ್ನೂ ನೋಡಿ.

ಹಾಗೆ ನೋಡಿದಾಗ ಆಡದಿರುವುದು ಎಷ್ಟು ದೊಡ್ಡ ಕೊರತೆ ಅನ್ನುವುದೂ ಕಾಣುತ್ತದೆ. ಮೂರು ನಿಮಿಷಕ್ಕೆ ಹನ್ನೆರಡು ಪಾಯಿಂಟ್ ಹೋದರೆ, ಮೂವತ್ತು ಆಟ ಇಲ್ಲದಿದ್ದರೆ ಎಷ್ಟು ಹೋಗಬೇಡ!

ಪ್ರಶ್ನೆ: 2024ರ ಸೆಪ್ಟೆಂಬರ್‌ನಲ್ಲಿ ಅವನ ಕಾಂಟ್ರ್ಯಾಕ್ಟ್ ಮೂರು ವರ್ಷ ಮುಂದುವರಿಸಿದರು. 19 ಕೋಟಿ ಡಾಲರ್ ಮೀರಿದ ಮೊತ್ತ. ಆಮೇಲೆ ಆಡಿದ್ದು 19 ಆಟ. ನಾನು ಅಂಗಡಿ ನಡೆಸುವವನು, ಇದು ಯಾವ ವ್ಯಾಪಾರ?
– ಓದುಗರು, ಹುಬ್ಬಳ್ಳಿ

ಉತ್ತರ: ಆ ಸೀಸನ್ ಮಟ್ಟಿಗೆ ನಷ್ಟದ ವ್ಯಾಪಾರ, ಸರ್. ಎನ್‌ಬಿಎಯಲ್ಲಿ ಪ್ರತಿ ತಂಡದ ಸಂಬಳಕ್ಕೂ ಒಂದು ಮಿತಿ ಇದೆ. ಆ ಸಲ ಮಿತಿಯ ಮೂರನೇ ಒಂದು ಪಾಲಿಗಿಂತ ಜಾಸ್ತಿ ಅವರೊಬ್ಬರಿಗೇ ಹೋಗುತ್ತಿತ್ತು. ಅವರು ಕೂತರೆ ಅಷ್ಟು ದುಡ್ಡೂ ಕೂತ ಹಾಗೆ. ತಂಡ 24 ಗೆದ್ದು 58 ಸೋತಿತು. ಒಪ್ಪಂದಕ್ಕೆ ಸಹಿ ಹಾಕುವಾಗಲೇ ಅವರ ಮಂಡಿಯ ಸ್ಥಿತಿ ತಂಡಕ್ಕೆ ಗೊತ್ತಿತ್ತು. ಆತುರಪಟ್ಟರು ಎಂದೇ ನನ್ನ ಅಭಿಪ್ರಾಯ. ಆದರೆ ಅದು ಕೊಟ್ಟವರ ತೀರ್ಮಾನ. ತಗೊಂಡವರನ್ನು ಅದಕ್ಕೆ ಬೈಯುವುದು ಸರಿಯಲ್ಲ.

ಪ್ರಶ್ನೆ: ಅಕ್ಕಾ, ನಾವು ಫಿಲಡೆಲ್ಫಿಯಾ ಹತ್ತಿರದ ಊರಿನಲ್ಲಿರುವ ಕನ್ನಡದವರು. ಮಗನ ಹುಟ್ಟುಹಬ್ಬಕ್ಕೆ ಅವನ ಇಷ್ಟದ ಆಟಗಾರನನ್ನು ತೋರಿಸೋಣ ಎಂದು ಮೂರು ತಿಂಗಳು ಮುಂಚೆ ಟಿಕೆಟ್ ತಗೊಂಡಿದ್ದೆವು. ಯಾವ ತಂಡ, ಯಾವ ಆಟಗಾರ ಅನ್ನುವುದು ಬೇಡ. ಆ ಸಂಜೆ ಆತ ಕೋಟು ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದರು. ಮಗ ಮನೆವರೆಗೆ ಮಾತಾಡಲಿಲ್ಲ. 65 ಆಟ ಆಡದಿದ್ದರೆ ಎಂವಿಪಿ ಇಲ್ಲ ಎಂಬ ನಿಯಮ ಬಂದದ್ದು ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು. ನನ್ನ ಯಜಮಾನರು ಅದು ಕ್ರೂರ ಅನ್ನುತ್ತಾರೆ. ನೀವು ಯಾರ ಕಡೆ?
– ಗೃಹಿಣಿ, ಪೆನ್ಸಿಲ್ವೇನಿಯಾ

ಉತ್ತರ: ಮೊದಲು ಮಗನಿಗೆ ನನ್ನ ಪ್ರೀತಿ ತಿಳಿಸಿ. ಅವನ ಬೇಜಾರು ಸಣ್ಣದಲ್ಲ. ನಿಮ್ಮಂಥವರ ಮಾತು ಕೇಳಿಯೇ ಈ ನಿಯಮ ಬಂತು.

ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. 2023–24ರಿಂದ ಎಂವಿಪಿ, ವರ್ಷದ ಡಿಫೆನ್ಸ್ ಆಟಗಾರ, ಆಲ್-ಎನ್‌ಬಿಎ ತಂಡದಂಥ (ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿ) ಗೌರವ ಬೇಕಾದರೆ ಕಡಿಮೆಯೆಂದರೆ 65 ಆಟ ಆಡಿರಬೇಕು. ಸುಮ್ನೆ ಬಂದು ಮುಖ ತೋರಿಸಿ ಹೋದರೆ ಆಗುವುದಿಲ್ಲ. ಒಂದೆರಡು ಆಟಕ್ಕೆ ವಿನಾಯಿತಿ ಬಿಟ್ಟರೆ ಪ್ರತಿ ಆಟದಲ್ಲೂ 20 ನಿಮಿಷ ಆಡಿರಬೇಕು. ಆಟಗಾರರ ಸಂಘವೂ ಒಪ್ಪಿ ಸಹಿ ಹಾಕಿದ ನಿಯಮ ಇದು. ಅದಕ್ಕೆ ಮುಂಚೆ ದೊಡ್ಡ ಆಟಗಾರರಿಗೆ ವಿಶ್ರಾಂತಿ ಕೊಡುವುದು ವಿಪರೀತ ಆಗಿತ್ತು, ಅದು ನಿಜ. 82 ಆಟಕ್ಕೆ ಟಿಕೆಟ್ ಮಾರಿ, ಟಿವಿಯವರಿಂದ ದುಡ್ಡು ತಗೊಂಡು, ಮೈ ಚೆನ್ನಾಗಿರುವವರನ್ನೂ ಕೂರಿಸಿದರೆ ಜನ ಕೇಳುತ್ತಾರೆ. ಕೇಳಬೇಕು.

ಆದರೂ ನಾನು ನಿಮ್ಮ ಯಜಮಾನರ ಕಡೆ. ಯಾಕೆ ಎಂದು ಹೇಳುತ್ತೇನೆ.

2024ರ ಜನವರಿ. ಇಲ್ಲಿ 23ನೇ ತಾರೀಕು ಬೆಳಗ್ಗೆ, ಅಲ್ಲಿ ಹಿಂದಿನ ದಿನದ ರಾತ್ರಿ. ಸ್ಯಾನ್ ಆಂಟೋನಿಯೊ ಎದುರು ಆಟ. ಐದೂವರೆಗೆ ಎದ್ದು ಫೋನನ್ನು ಡಬ್ಬಿಗೆ ಒರಗಿಸಿ ಇಟ್ಟು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಎಂಬೀಡ್ ಒಂದಾದ ಮೇಲೆ ಒಂದು ಹಾಕುತ್ತಲೇ ಇದ್ದರು. ಎಡಕ್ಕೆ ತಿರುಗಿ ಒಂದು, ಫ್ರೀ ಥ್ರೋ ಗೆರೆಯ ಹತ್ತಿರದಿಂದ ಒಂದು, ಮೂರು ಜನರ ನಡುವೆ ನುಗ್ಗಿ ಒಂದು. ಐವತ್ತು ದಾಟಿದಾಗ ಒಲೆ ಆರಿಸಿ ನೆಲದ ಮೇಲೆ ಕೂತುಬಿಟ್ಟೆ. ಎಪ್ಪತ್ತು ಪಾಯಿಂಟ್! 18 ರೀಬೌಂಡ್. ಆ ತಂಡದಲ್ಲಿ ವಿಲ್ಟ್ ಚೇಂಬರ್ಲಿನ್ 1967ರಲ್ಲಿ ಮಾಡಿದ್ದ 68ರ ದಾಖಲೆ ಅವತ್ತು ಮುರಿಯಿತು. ಅಷ್ಟು ದೊಡ್ಡ ಮನುಷ್ಯ ಅಷ್ಟು ಹಗುರವಾಗಿ ಎಸೆಯುವುದನ್ನು ನೋಡುವುದೇ ಒಂದು ಭಾಗ್ಯ. ಈ ಸೀಸನ್ ಹೀಗೇ ಮುಗಿದರೆ ಎಂವಿಪಿ ಬೇರೆ ಯಾರಿಗೂ ಇಲ್ಲ ಅಂದುಕೊಂಡೆ.

ಐದು ದಿನ ಕಳೆಯಿತು. ಡೆನ್ವರ್‌ನಲ್ಲಿ ಯೋಕಿಚ್ ಎದುರು ಆಟ. ಎಡ ಮಂಡಿ ನೋವು ಎಂದು ಕೊನೇ ಗಳಿಗೆಯಲ್ಲಿ ಎಂಬೀಡ್ ಹಿಂದೆ ಸರಿದರು. ಯೋಕಿಚ್‌ಗೆ ಹೆದರಿದ ಎಂದು ಜನ ಗೇಲಿ ಮಾಡಿದರು. ಮುಂದಿನ ಆಟವನ್ನೂ ಬಿಟ್ಟರು. ಇನ್ನೊಂದು ಕಡೆ ಲೆಕ್ಕ ಶುರುವಾಗಿತ್ತು. 82ರಲ್ಲಿ 65 ಅಂದರೆ 17 ಆಟ ಮಾತ್ರ ತಪ್ಪಿಸಬಹುದು. 12 ಆಗಲೇ ಹೋಗಿವೆ. ಇನ್ನು ಐದೇ. ಪತ್ರಿಕೆಗಳೂ ಟಿವಿಯೂ ದಿನಾ ಇದನ್ನೇ ಎಣಿಸುತ್ತಿದ್ದವು. ಆ ಬಿಟ್ಟ ಆಟದ ಮರುದಿನವೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೋಲ್ಡನ್ ಸ್ಟೇಟ್ ಎದುರು ಎಂಬೀಡ್ ಇಳಿದರು. ಓಟದಲ್ಲಿ ಎಂದಿನ ಬೀಸು ಇರಲಿಲ್ಲ. ಎಂಟು ದಿನದ ಹಿಂದೆ ಎಪ್ಪತ್ತು ಹೊಡೆದವರು ಹದಿನಾಲ್ಕಕ್ಕೆ ನಿಂತರು. ಕೊನೆಯ ಭಾಗದಲ್ಲಿ ಚೆಂಡಿಗಾಗಿ ನೆಲಕ್ಕೆ ಬಿದ್ದಾಗ ಜೊನಾಥನ್ ಕುಮಿಂಗಾ ಅವರ ಭಾರ ಎಂಬೀಡ್‌ರ ಅದೇ ಎಡಗಾಲಿನ ಮೇಲೆ ಬಿತ್ತು. ಮಂಡಿಯೊಳಗಿನ ಮೆತ್ತೆಯಾದ ಮಿನಿಸ್ಕಸ್‌ಗೆ ಆಪರೇಷನ್. ಏಪ್ರಿಲ್‌ನಲ್ಲಿ ಮರಳಿ ಬಂದು ಐದು ಆಟ ಆಡಿದರು. ಒಟ್ಟು 39.

ನಿಯಮದಿಂದಲೇ ಆ ಗಾಯ ಆಯಿತು ಎಂದು ನಾನು ಹೇಳುವುದಿಲ್ಲ. ಯಾರೂ ಹೇಳಲು ಆಗುವುದಿಲ್ಲ. ಬೇರೆ ಆಟಗಾರ ಮೇಲೆ ಬಿದ್ದದ್ದು. ಆದರೆ ನೋಯುತ್ತಿರುವ ಮಂಡಿಯ ಮುಂದೆ "ಇನ್ನು ಐದೇ" ಎಂದು ಬೋರ್ಡ್ ಹಿಡಿದು ನಿಲ್ಲುವುದು ಸರಿಯಲ್ಲ.

ಇದರಲ್ಲಿ ದುಡ್ಡಿನ ಎಳೆಯೂ ಇದೆ. ಅದೇ ಸೀಸನ್‌ನಲ್ಲಿ ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್‌ಗೆ ತೊಡೆಯ ಹಿಂದಿನ ಸ್ನಾಯು ಎಳೆದುಕೊಂಡಿತ್ತು. ಆಲ್-ಎನ್‌ಬಿಎ ತಂಡಕ್ಕೆ ಬಂದರೆ ಅವರ ಕಾಂಟ್ರ್ಯಾಕ್ಟ್ ಸುಮಾರು 4 ಕೋಟಿ ಡಾಲರ್ ಏರುತ್ತಿತ್ತು. 65 ಆಟ ಆಗದಿದ್ದರೆ ಆ ತಂಡದಲ್ಲಿ ಜಾಗ ಇಲ್ಲ. ಅವರು ಬೇಗ ಮರಳಿದರು, ಲೆಕ್ಕ ಮುಟ್ಟಿಸಿದರು. ಇಪ್ಪತ್ಮೂರು ವರ್ಷದ ಹುಡುಗನಿಗೆ ಅಷ್ಟು ದೊಡ್ಡ ಮೊತ್ತ ತೋರಿಸಿ "ನಿನ್ನ ಕಾಲಿನ ಬಗ್ಗೆ ನೀನೇ ಯೋಚನೆ ಮಾಡು" ಅಂದರೆ ಅವನು ಯಾವುದನ್ನು ಆರಿಸುತ್ತಾನೆ ಹೇಳಿ.

ಹಳೆಯ ಪುಟವನ್ನೂ ತಿರುಗಿಸಿ. 1977–78ರಲ್ಲಿ ಪೋರ್ಟ್‌ಲ್ಯಾಂಡ್‌ನ ಬಿಲ್ ವಾಲ್ಟನ್ 58 ಆಟ ಆಡಿ ಎಂವಿಪಿ ಆದರು. ಮೊದಲ 60 ಆಟದಲ್ಲಿ ಅವರ ತಂಡ 50 ಗೆದ್ದಿತ್ತು. ಆಮೇಲೆ ಅವರ ಪಾದ ಕೈಕೊಟ್ಟಿತು. ಇವತ್ತಿನ ನಿಯಮ ಅಂದು ಇದ್ದಿದ್ದರೆ ಅವರ ಹೆಸರು ಮತಪತ್ರದಲ್ಲೇ ಇರುತ್ತಿರಲಿಲ್ಲ. ಆದರೆ ಆಗ ಮತ ಹಾಕಿದವರು ಕಣ್ಣಿಟ್ಟು ನೋಡಿ ತೀರ್ಮಾನ ಮಾಡಿದರು. 2017ರಲ್ಲೂ ಹಾಗೇ ನೋಡಿ ಎಂಬೀಡ್‌ಗೆ ಇಲ್ಲ ಅಂದರು, 2021ರಲ್ಲೂ ಇಲ್ಲ ಅಂದರು. ಯಾವ ಗೆರೆಯೂ ಇಲ್ಲದೆ! ಮತದಾರರಿಗೆ ಆಟ ಎಣಿಸಲು ಬರುತ್ತದೆ. ಅದನ್ನು ಕಲಿಸಲು ನಿಯಮ ಬೇಕಿರಲಿಲ್ಲ. 64 ಆಡಿದವನು ಏನೂ ಅಲ್ಲ, 65 ಆಡಿದವನು ಎಲ್ಲ ಅನ್ನುವುದು ನನ್ನ ತಲೆಗೆ ಹೋಗುವುದಿಲ್ಲ.

ಮಗನ ಟಿಕೆಟ್ ವಿಷಯಕ್ಕೆ ಬೇರೆ ದಾರಿ ಇದೆ. ಆಟದ ಸಂಖ್ಯೆ ಇಳಿಸಲಿ. ಇವತ್ತು ಒಂದು ಊರು, ನಾಳೆ ಇನ್ನೊಂದು ಊರು ಎಂದು ಸತತ ಎರಡು ರಾತ್ರಿ ಆಡಿಸುವುದನ್ನು ನಿಲ್ಲಿಸಲಿ. ಟಿಕೆಟ್ ಮಾರಾಟ ಕಡಿಮೆಯಾಗುತ್ತದೆ, ಹಾಗಾಗಿ ಅದು ಯಾರಿಗೂ ಬೇಕಿಲ್ಲ.

ಪ್ರಶ್ನೆ: ನಮಸ್ತೆ ಆಂಟಿ. ನಾನು ಒಂಬತ್ತನೇ ಕ್ಲಾಸ್. ನನಗೆ ಬಲ ಮಂಡಿ ಮೂರು ವಾರದಿಂದ ನೋವು, ಆಡಿದ ದಿನ ಸಂಜೆ ಊದಿಕೊಳ್ಳುತ್ತದೆ. ಮುಂದಿನ ವಾರ ಜಿಲ್ಲಾ ತಂಡದ ಸೆಲೆಕ್ಷನ್ ಇದೆ. ನಾನೇ ನಮ್ಮ ಸ್ಕೂಲಿನ ಸೆಂಟರ್. ಎಂಬೀಡ್ ಮುಖದ ಎಲುಬು ಮುರಿದಾಗಲೂ ಮಾಸ್ಕ್ ಹಾಕಿಕೊಂಡು ಆಡಿದ್ದಾರೆ. ಅವರೇ ನನ್ನ ಹೀರೋ. ನಾನೂ ಬ್ಯಾಂಡೇಜ್ ಕಟ್ಟಿಕೊಂಡು ಆಡಬಹುದಾ? ಅಮ್ಮನಿಗೆ ಹೇಳಿಲ್ಲ.
– ಹಾಸನದ ಹುಡುಗಿ

ಉತ್ತರ: ಮಗಳೇ, ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಬೇಡ. ಆಡಬೇಡ.

ನಾನೂ ಸೆಂಟರ್ ಆಗಿದ್ದೆ. ಐದು ಅಡಿ ಹತ್ತು ಅಂಗುಲ, ನಮ್ಮ ಕಾಲದ ಹುಡುಗಿಯರಲ್ಲಿ ಅದೇ ದೊಡ್ಡ ಎತ್ತರ. ಮೈಸೂರಿನಲ್ಲಿ ಕಾಲೇಜು, ಸಿಮೆಂಟ್ ಕೋರ್ಟ್, ಬೇಸಿಗೆಯಲ್ಲಿ ಬೆಳಗ್ಗೆ ಎಂಟಕ್ಕೇ ಕಾಲು ಸುಡುತ್ತಿತ್ತು. ಇಪ್ಪತ್ತನೇ ವರ್ಷದಲ್ಲಿ ರಾಜ್ಯ ತಂಡದ ಸೆಲೆಕ್ಷನ್ ಬಂತು. ಎಡ ಮಂಡಿ ಹತ್ತು ದಿನದಿಂದ ಊದಿತ್ತು. ನಮ್ಮ ಕೋಚ್‌ಗೆ ಹೇಳಿದೆ. "ಕ್ರೇಪ್ ಬ್ಯಾಂಡೇಜ್ ಕಟ್ಟಿಕೋ, ಒಂದು ಮಾತ್ರೆ ತಗೋ. ಇವತ್ತು ಬರದಿದ್ದರೆ ಇನ್ನೊಂದು ವರ್ಷ ಕಾಯಬೇಕು" ಎಂದರು. ನಾನು ಕಟ್ಟಿಕೊಂಡೆ. ಮಾತ್ರೆ ನುಂಗಿದ್ದರಿಂದ ನೋವು ಗೊತ್ತಾಗಲಿಲ್ಲ. ಎರಡನೇ ಅರ್ಧದಲ್ಲಿ ರೀಬೌಂಡ್‌ಗೆ ಜಿಗಿದು ಒಂಟಿ ಕಾಲಲ್ಲಿ ಇಳಿದೆ. ಒಳಗೆ ಒಣ ಕಡ್ಡಿ ಮುರಿದ ಹಾಗೆ ಸದ್ದು ಕೇಳಿಸಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಆಮೇಲೆ ನಾನು ಯಾವ ಪಂದ್ಯವನ್ನೂ ಆಡಲಿಲ್ಲ. ಪಿ.ಟಿ. ಟೀಚರ್ ಆದೆ, ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದೆ. ಕಲಿಸಿದ್ದು ಖುಷಿಯೇ. ಆದರೆ ಆ ಒಂದು ವರ್ಷ ಕಾಯಬಹುದಿತ್ತು.

ನಿನ್ನ ಹೀರೋ ಬಗ್ಗೆ ಹೇಳುತ್ತೇನೆ ಕೇಳು. 2018ರಲ್ಲಿ ಕಣ್ಣಿನ ಸುತ್ತಲಿನ ಎಲುಬು ಮುರಿದಾಗ ಎಂಬೀಡ್ ಆಪರೇಷನ್ ಮಾಡಿಸಿಕೊಂಡು, ಡಾಕ್ಟರ್ ಒಪ್ಪಿದ ಮೇಲೆ ಮಾಸ್ಕ್ ಹಾಕಿ ಇಳಿದರು. ಮುಖದ ಎಲುಬಿನ ಮೇಲೆ ಮೈಭಾರ ಬೀಳುವುದಿಲ್ಲ. ಮಂಡಿಯ ಮೇಲೆ ಪ್ರತಿ ಹೆಜ್ಜೆಗೂ ಬೀಳುತ್ತದೆ. ಎರಡೂ ಒಂದೇ ಅಲ್ಲ. ಅವರ ಮಂಡಿಗೆ 2024ರಲ್ಲಿ ಆಪರೇಷನ್ ಆಯಿತಲ್ಲ, ಅದೇ ಬೇಸಿಗೆಯಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕ ತಂಡದಲ್ಲಿ ಆಡಿ ಒಲಿಂಪಿಕ್ಸ್ ಚಿನ್ನ ಗೆದ್ದರು. ಮುಂದಿನ ಸೀಸನ್‌ನಲ್ಲಿ ಮಂಡಿ ಊದಿಕೊಳ್ಳುತ್ತಲೇ ಇತ್ತು, 19 ಆಟಕ್ಕೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಅದೇ ಮಂಡಿಗೆ ಮತ್ತೆ ಆಪರೇಷನ್. ಅವರ ಜೊತೆಗೆ ದೇಶದ ಅತಿ ಒಳ್ಳೆಯ ಡಾಕ್ಟರುಗಳು ಇದ್ದಾರೆ, ಫಿಸಿಯೋಗಳು ಇದ್ದಾರೆ. ಆದರೂ ಹೀಗಾಯಿತು. ನಿನ್ನ ಜೊತೆ ಅಮ್ಮ ಇದ್ದಾರೆ. ಅವರಿಗೇ ನೀನು ಹೇಳಿಲ್ಲ.

ಈ ಪುಟ ಓದಿದ ಕೂಡಲೇ ಅಮ್ಮನ ಹತ್ತಿರ ಹೋಗು. ಮಂಡಿ ತೋರಿಸು. ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲು ಹೇಳು. ಮೂರು ವಾರದಿಂದ ಆಡಿದಾಗಲೆಲ್ಲ ಊದುತ್ತದೆ ಎಂದು ನೀನೇ ಬಾಯಿಬಿಟ್ಟು ಹೇಳಬೇಕು, ಅದನ್ನು ಮುಚ್ಚಿಡಬೇಡ. ನೋವಿನ ಮಾತ್ರೆ ನುಂಗಿ ಕೋರ್ಟ್‌ಗೆ ಇಳಿಯಬೇಡ. ನಿನ್ನ ಪಿ.ಟಿ. ಸರ್ ಒಪ್ಪದಿದ್ದರೆ ಈ ಪುಟವನ್ನೇ ಅವರಿಗೆ ಕೊಡು. ಸೆಲೆಕ್ಷನ್ ದಿನ ಹೋಗು, ಗೆರೆಯ ಆಚೆ ಕೂತು ನೋಡು. ಯಾವ ಹುಡುಗಿ ರೀಬೌಂಡ್‌ಗೆ ಮೊದಲು ಜಾಗ ಹಿಡಿಯುತ್ತಾಳೆ, ಯಾರು ಜಿಗಿಯುವ ಮುಂಚೆ ಸೊಂಟದಿಂದ ಎದುರಾಳಿಯನ್ನು ತಡೆಯುತ್ತಾಳೆ, ಬರೆದುಕೋ.

ಡಾಕ್ಟರ್ ಏನಂದರು ಎಂದು ನನಗೆ ಕಾರ್ಡ್ ಹಾಕು. ಕಾಯುತ್ತಿರುತ್ತೇನೆ.